ಒಂಬತ್ತು ಜರ್ಮನ್ ಕಾರು, ಒಬ್ಬ ನುವೊಲಾರಿ

ಭಾನುವಾರ ರೇಸ್ ಇದ್ದರೆ ಶನಿವಾರ ರಾತ್ರಿ ನಮ್ಮ ಹಾಸ್ಟೆಲ್‌ನ ಎರಡನೇ ಮಹಡಿಯಲ್ಲಿ ಯಾರಿಗೂ ನಿದ್ದೆ ಇಲ್ಲ. ಮೆಸ್‌ನಲ್ಲಿ ಊಟ ಮುಗಿಸಿ ಬಂದವರೆಲ್ಲ ಒಂದೇ ರೂಮಿನಲ್ಲಿ ತುಂಬಿಕೊಂಡು, ನಾಳೆ ಯಾರು ಗೆಲ್ತಾರೆ ಅಂತ ವಾದಕ್ಕೆ ಕೂತರೆ ವಾರ್ಡನ್ ಬಂದು ಬಾಗಿಲು ಬಡಿಯುವ ತನಕ ಅದು ಮುಗಿಯೋದಿಲ್ಲ. ಯಾವ ತಂಡದ ಇಂಜಿನ್ ಜೋರು, ಯಾರ ಟೈರು ಕೊನೇ ತನಕ ಬಾಳುತ್ತೆ, ಮಳೆ ಬಂದರೆ ಯಾರಿಗೆ ಲಾಭ, ಎಲ್ಲವೂ ಬೋರ್ಡಿನ ಮೇಲೆ ಅಂಕಿ ಸಮೇತ ಬರಬೇಕು. ಪಂದ್ಯ ಕಟ್ಟೋದು ಒಂದು ಪ್ಲೇಟ್ ಗೋಬಿ ಮಂಚೂರಿಗೆ ಅಷ್ಟೇ. ಆದರೂ ಮರ್ಯಾದೆ ಪ್ರಶ್ನೆ.

ಈ ಸಂಚಿಕೆಗೆ ಏನು ಬರೆಯೋಣ ಅಂತ ಕೂತಾಗ ನಮಗೆ ಹೊಳೆದದ್ದು ಇದು. ಇದೇ ಲೆಕ್ಕವನ್ನು ಒಂದು ಹಳೇ ರೇಸಿಗೆ ಹಾಕಿ ನೋಡಿದರೆ ಹೇಗೆ? ಫಲಿತಾಂಶ ಗೊತ್ತಿಲ್ಲ ಅಂತಲೇ ಇಟ್ಟುಕೊಂಡು, ಹಿಂದಿನ ದಿನ ಸಂಜೆ ಕೈಯಲ್ಲಿ ಇದ್ದ ಮಾಹಿತಿ ಮಾತ್ರ ಹಿಡಿದು. ನಾವು ಆರಿಸಿಕೊಂಡದ್ದು 1935ರ ಜುಲೈ 28ರ ಜರ್ಮನ್ ಗ್ರಾಂಡ್ ಪ್ರಿ. ಅದರ ಜೊತೆಗೆ ಒಬ್ಬ ಮನುಷ್ಯನ ಬದುಕೂ ಬಂತು. ಅವನನ್ನು ಬಿಟ್ಟು ಆ ರೇಸಿನ ಮಾತು ಆಡೋಕೇ ಆಗಲ್ಲ.

ತಾತ್ಸಿಯೊ ನುವೊಲಾರಿ ಹುಟ್ಟಿದ್ದು 1892ರ ನವೆಂಬರ್ 16ರಂದು, ಉತ್ತರ ಇಟಲಿಯ ಮಾಂತುವಾ ಪಟ್ಟಣದ ಹತ್ತಿರದ ಕಾಸ್ತೆಲ್ ದಾರಿಯೊ ಅನ್ನೋ ಊರಿನಲ್ಲಿ. ಸುತ್ತ ಬಯಲು ಸೀಮೆ, ಹೊಲ. ಮನೆತನ ಒಕ್ಕಲುತನದ್ದೇ ಆದರೂ ಮನೆಯೊಳಗೆ ಮಾತೆಲ್ಲ ಸೈಕಲ್ಲಿಂದು. ಅಪ್ಪ ಆರ್ತುರೊ ಸೈಕಲ್ ರೇಸ್ ಓಡಿಸಿದವನು. ಚಿಕ್ಕಪ್ಪ ಜುಸೆಪ್ಪೆ ಅಂತೂ ಆ ಕಾಲದ ಹೆಸರಾಂತ ಸೈಕಲ್ ಪಟು, ಆಮೇಲೆ ಬಿಯಾಂಕಿ ಕಂಪನಿಯ ಗಾಡಿಗಳನ್ನು ಮಾರುತ್ತಿದ್ದವನು. ಹುಡುಗನಿಗೆ ಗಾಡಿಯ ಹುಚ್ಚು ಹಿಡಿಸಿದ್ದೇ ಈ ಚಿಕ್ಕಪ್ಪ.

ಇಷ್ಟಾದರೂ ತಾತ್ಸಿಯೊ ರೇಸಿಗೆ ಇಳಿದದ್ದು ತೀರಾ ತಡವಾಗಿ. 1915ರಲ್ಲಿ ಮೋಟಾರ್‌ಸೈಕಲ್ ಲೈಸೆನ್ಸ್ ಸಿಕ್ಕಿತು, ಅಷ್ಟರಲ್ಲಿ ಯುದ್ಧ ಬಂತು, ಸೈನ್ಯದಲ್ಲಿ ಡ್ರೈವರ್ ಆದ. ಮೊದಲ ಬೈಕ್ ರೇಸ್ 1920ರಲ್ಲಿ. ಆಗಲೇ ಇಪ್ಪತ್ತೇಳು ವರ್ಷ. ಈಗಿನ ಕಾಲದಲ್ಲಿ ಆ ವಯಸ್ಸಿಗೆ ಅರ್ಧ ವೃತ್ತಿಜೀವನವೇ ಮುಗಿದಿರುತ್ತೆ. ಫೈನಲ್ ಇಯರ್ ಬಂದರೂ ಏನೂ ಸಾಧಿಸಿಲ್ಲ ಅಂತ ಕೊರಗುವ ನಮ್ಮ ಗೆಳೆಯರು ಇದನ್ನೊಂದು ಸಲ ಗಮನಿಸಬೇಕು.

ಆಳು ಕುಳ್ಳ, ತೆಳ್ಳಗೆ, ಎತ್ತರ ಐದೂವರೆ ಅಡಿ ಇದ್ದಿರಬಹುದು. ಬಿಯಾಂಕಿ 350 ಸಿಸಿ ಬೈಕಿನಲ್ಲಿ ಹೆಸರು ಮಾಡಿದ. 1925ರಲ್ಲಿ ಆಲ್ಫಾ ರೋಮಿಯೋ ಕಂಪನಿಯವರು ಮೊನ್ಜಾಗೆ ಕರೆಸಿ ತಮ್ಮ ಗ್ರಾಂಡ್ ಪ್ರಿ ಕಾರು ಓಡಿಸೋಕೆ ಕೊಟ್ಟರು. ಗೇರ್‌ಬಾಕ್ಸ್ ಸಿಕ್ಕಿಹಾಕಿಕೊಂಡು ಕಾರು ಹೊರಗೆ ಹಾರಿತು, ಬೆನ್ನು ಸೀಳಿಹೋಯಿತು. ಗಾಯ ಇನ್ನೂ ಮಾಗಿರಲಿಲ್ಲ, ಅದೇ ತಿಂಗಳು ಅದೇ ಮೊನ್ಜಾದಲ್ಲಿ ದೊಡ್ಡ ಬೈಕ್ ರೇಸ್. ಡಾಕ್ಟರ ಕೈಲಿ ಬೈಕ್ ಮೇಲೆ ಬಗ್ಗಿ ಕೂರುವ ಭಂಗಿಯಲ್ಲೇ ಪಟ್ಟಿ ಬಿಗಿಸಿಕೊಂಡ. ಎತ್ತಿ ಕೂರಿಸೋಕೆ, ತಳ್ಳಿ ಬಿಡೋಕೆ ಬೇರೆಯವರು ಬೇಕಾಯಿತು. ಗೆದ್ದ. ಆ ವರ್ಷ 350 ಸಿಸಿ ವರ್ಗದ ಯುರೋಪ್ ಚಾಂಪಿಯನ್ ಕೂಡ ಅವನೇ. ಇದನ್ನು ಧೈರ್ಯ ಅನ್ನಬೇಕೋ ಹುಚ್ಚು ಅನ್ನಬೇಕೋ ಅಂತ ನಮ್ಮಲ್ಲೇ ಎರಡು ಗುಂಪಾಯಿತು. ನಮ್ಮಲ್ಲಿ ಹೆಚ್ಚಿನವರು ಹುಚ್ಚು ಅಂತಲೇ ಕೈ ಎತ್ತಿದರು.

ಆದರೆ ಬರೀ ಹುಚ್ಚಿನಿಂದ ರೇಸ್ ಗೆಲ್ಲೋಕಾಗಲ್ಲ. ಅವನ ಕೈಚಳಕದಲ್ಲಿ ಒಂದು ಮೆಕ್ಯಾನಿಕ್ಸ್ ಇತ್ತು. ಎಂಜೊ ಫೆರಾರಿ 1931ರಲ್ಲಿ ಒಮ್ಮೆ ಅವನ ಪಕ್ಕದ ಸೀಟಿನಲ್ಲಿ ಕೂತು ಬೆಟ್ಟದ ರಸ್ತೆಯಲ್ಲಿ ಪ್ರಾಕ್ಟೀಸ್ ಸುತ್ತು ಹೋಗಿಬಂದವರು. ಪ್ರತಿ ತಿರುವಿನಲ್ಲೂ ಕಾರು ಹಳ್ಳಕ್ಕೆ ಬಿತ್ತು ಅಂತ ಅಂದುಕೊಂಡು, ಪ್ರತಿ ಸಲವೂ ಸುಳ್ಳಾಗಿ, ಕೊನೆಗೆ ಹೆದರಿಕೆ ಬಿಟ್ಟು ಗಮನಿಸೋಕೆ ಶುರು ಮಾಡಿದರು. ಅವರು ಕಂಡದ್ದು ಹೀಗೆ: ಉಳಿದವರು ಸ್ಟೀರಿಂಗ್ ತಿರುಗಿಸುವ ಜಾಗಕ್ಕಿಂತ ಎಷ್ಟೋ ಮೊದಲೇ ನುವೊಲಾರಿ ಕಾರಿನ ಮೂತಿಯನ್ನು ತಿರುವಿನ ಒಳಗಡೆಗೆ ತಿರುಗಿಸಿಬಿಡುತ್ತಿದ್ದ. ನಾಲ್ಕೂ ಚಕ್ರ ಜಾರುತ್ತಿರುವಾಗ ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯುತ್ತಿರಲಿಲ್ಲ. ತಿರುವು ಮುಗಿಯುವ ಹೊತ್ತಿಗೆ ಕಾರು ಆಗಲೇ ನೇರ ನಿಂತಿರುತ್ತಿತ್ತು, ಮುಂದಿನ ರಸ್ತೆಗೆ ಪೂರ್ತಿ ಶಕ್ತಿ ಸಿದ್ಧ. ವೆಹಿಕಲ್ ಡೈನಾಮಿಕ್ಸ್ ಕ್ಲಾಸಿನಲ್ಲಿ ನಾವು ಸ್ಲಿಪ್ ಆಂಗಲ್ ಅಂತ ಗ್ರಾಫ್ ಬರೀತೀವಲ್ಲ, ಆ ಗ್ರಾಫಿನ ತುದಿಯ ಮೇಲೆ ಈ ಮನುಷ್ಯ ವಾಸ ಮಾಡ್ತಿದ್ದ. ಚಕ್ರ ಸ್ವಲ್ಪ ಜಾರಿದಾಗಲೇ ಟೈರಿನ ಹಿಡಿತ ಅತಿ ಹೆಚ್ಚು. ಅದಕ್ಕಿಂತ ಒಂದು ಕೂದಲು ಜಾಸ್ತಿ ಜಾರಿದರೆ ಮರಕ್ಕೆ.

1930ರಿಂದ 33ರ ತನಕದ ಗೆಲುವುಗಳನ್ನು ಪಟ್ಟಿ ಮಾಡಿದರೆ ಪುಟ ತುಂಬುತ್ತೆ, ಆದ್ದರಿಂದ ಓಡಿಸಿಕೊಂಡು ಹೋಗ್ತೀವಿ. 1930ರಲ್ಲಿ ಮಿಲ್ಲೆ ಮಿಲ್ಯಾ ಗೆದ್ದ. ಸಾವಿರ ಮೈಲಿಯ ಆ ರೇಸಿನಲ್ಲಿ ಗಂಟೆಗೆ ಸರಾಸರಿ 100 ಕಿ.ಮೀ. ದಾಟಿದ್ದು ಅದೇ ಮೊದಲು. ರಾತ್ರಿ ಹೆಡ್‌ಲೈಟ್ ಆರಿಸಿಕೊಂಡು ಸದ್ದಿಲ್ಲದೆ ಬಂದು ಆಕಿಲ್ಲೆ ವಾರ್ಜಿಯನ್ನು ಹಿಂದೆ ಹಾಕಿದ ಅನ್ನೋ ಕಥೆ ಹುಟ್ಟಿದ್ದು ಈ ರೇಸಿನಲ್ಲೇ. ಕಥೆ ಚೆನ್ನಾಗಿದೆ, ಪೂರ್ತಿ ನಂಬಬೇಡಿ. 1932ರಲ್ಲಿ ಮೊನಾಕೊ, ತಾರ್ಗಾ ಫ್ಲೋರಿಯೊ, ಇಟಲಿ, ಫ್ರಾನ್ಸ್ ಗೆದ್ದು ಯುರೋಪ್ ಚಾಂಪಿಯನ್ ಆದ. ಆ ವರ್ಷವೇ ಕವಿ ದಾನುನ್ಜಿಯೊ ಅವನಿಗೊಂದು ಪುಟ್ಟ ಚಿನ್ನದ ಆಮೆ ಕೊಟ್ಟ, ಅತಿ ವೇಗದವನಿಗೆ ಅತಿ ನಿಧಾನದ ಪ್ರಾಣಿ ಅಂತ. ಹಳದಿ ಅಂಗಿಯ ಮೇಲೆ ಆಮೆಯ ಗುರುತು ಹಾಕಿಕೊಂಡೇ ಆಮೇಲೆ ಓಡಾಡಿದ. 1933ರಲ್ಲಿ ಲ ಮಾನ್‌ನ 24 ಗಂಟೆಯ ರೇಸನ್ನು ಕೆಲವೇ ನೂರು ಮೀಟರ್ ಅಂತರದಲ್ಲಿ ಗೆದ್ದ.

ಆ ವರ್ಷವೇ ಒಂದು ಜಗಳವೂ ಆಯಿತು. ಇದು ಮುಂದಿನ ಲೆಕ್ಕಕ್ಕೆ ಬೇಕು, ಸ್ವಲ್ಪ ನಿಂತು ನೋಡಿ. ಆಲ್ಫಾ ರೋಮಿಯೋ ಕಂಪನಿ ಸರ್ಕಾರದ ಕೈಗೆ ಹೋಗಿ ನೇರ ರೇಸಿಂಗ್ ನಿಲ್ಲಿಸಿತ್ತು. ಅದರ ಕಾರುಗಳನ್ನು ಓಡಿಸ್ತಿದ್ದದ್ದು ಎಂಜೊ ಫೆರಾರಿಯ ತಂಡ, ಸ್ಕುದೇರಿಯಾ ಫೆರಾರಿ. ಕಂಪನಿಯವರು ಒಳ್ಳೇ ಕಾರುಗಳನ್ನು ಶೆಡ್ಡಿನಲ್ಲಿ ಬೀಗ ಹಾಕಿಟ್ಟು ಹಳೇ ಕಾರು ಕೊಟ್ಟರು ಅಂತ ನುವೊಲಾರಿಗೆ ಸಿಟ್ಟು. ಸೀಸನ್ ನಡುವೆಯೇ ಫೆರಾರಿಯನ್ನು ಬಿಟ್ಟು ಮಾಸೆರಾಟಿ ಓಡಿಸಿದ, ಬೆಲ್ಜಿಯಂನಲ್ಲಿ ಗೆದ್ದೂ ಬಿಟ್ಟ. ಫೆರಾರಿಗೆ ಈ ಮುನಿಸು ಮನಸ್ಸಿನಲ್ಲಿ ಉಳಿಯಿತು. 1934ರ ಏಪ್ರಿಲ್‌ನಲ್ಲಿ ಅಲೆಸ್ಸಾಂದ್ರಿಯಾದಲ್ಲಿ ಮಳೆಯಲ್ಲಿ ಕಾರು ಜಾರಿ ಕಾಲು ಮುರಿಯಿತು. ತಿಂಗಳೊಪ್ಪತ್ತಿನಲ್ಲಿ ಬರ್ಲಿನ್‌ನ ಆವುಸ್ ರೇಸಿಗೆ ಬಂದ, ಕಾಲಿನ ಪ್ಲಾಸ್ಟರ್ ಸಮೇತ. ಒಂದೇ ಕಾಲಿನಲ್ಲಿ ನಡೆಸುವ ಹಾಗೆ ಪೆಡಲ್‌ಗಳನ್ನು ಬದಲಾಯಿಸಿಕೊಂಡು ಐದನೆಯವನಾಗಿ ಮುಗಿಸಿದ.

ಅಷ್ಟರಲ್ಲಿ ರೇಸಿಂಗ್ ಲೋಕವೇ ತಲೆಕೆಳಗಾಗಿತ್ತು. 1934ರಿಂದ ಹೊಸ ನಿಯಮ: ಇಂಧನ, ಎಣ್ಣೆ, ನೀರು, ಟೈರು ಬಿಟ್ಟು ಕಾರಿನ ತೂಕ 750 ಕೆ.ಜಿ. ಮೀರಬಾರದು. ಕಾರು ಹಗುರ ಇದ್ದರೆ ದೊಡ್ಡ ಇಂಜಿನ್ ಕೂರಿಸೋಕಾಗಲ್ಲ, ವೇಗ ತಾನಾಗಿ ಕಡಿಮೆ ಆಗುತ್ತೆ ಅನ್ನೋದು ನಿಯಮ ಮಾಡಿದವರ ಎಣಿಕೆ. ಜರ್ಮನಿಯವರು ಇದನ್ನು ಉಲ್ಟಾ ಓದಿದರು. ಹಗುರ ಮಿಶ್ರಲೋಹಗಳಲ್ಲಿ ಚಾಸಿ ಮಾಡಿ, ಉಳಿಸಿದ ತೂಕವನ್ನೆಲ್ಲ ಇಂಜಿನ್ನಿಗೆ ಸುರಿದರು. ಹಿಟ್ಲರನ ಸರ್ಕಾರ ಮರ್ಸಿಡಿಸ್ ಮತ್ತು ಆಟೋ ಯೂನಿಯನ್ ಎರಡಕ್ಕೂ ದುಡ್ಡು ಕೊಟ್ಟಿತ್ತು. ಆ ಆಡಳಿತಕ್ಕೆ ಇದು ಆಟ ಅಲ್ಲ, ಪ್ರಚಾರ. ಆ ಬೆಳ್ಳಿ ಬಣ್ಣದ ಕಾರುಗಳ ಮೇಲೆ ಸ್ವಸ್ತಿಕದ ಗುರುತು ಇತ್ತು ಅನ್ನೋದನ್ನು, ಅವುಗಳ ಇಂಜಿನಿಯರಿಂಗ್ ಎಷ್ಟೇ ಚೆಂದ ಇದ್ದರೂ, ನಾವು ಮರೆತು ಬರೆಯೋಕೆ ಆಗಲ್ಲ.

ಈಗ 1935. ಸೀಸನ್ ಶುರು ಆಗುವ ಮೊದಲು ತಂಡಗಳನ್ನು ತೂಗಿ ನೋಡಿದ ಮೊದಲ ಮನುಷ್ಯ ಸ್ವತಃ ನುವೊಲಾರಿಯೇ. ತೂಗಿ ನೋಡಿ ಅವನು ಕಂಡುಕೊಂಡದ್ದು ಏನು ಗೊತ್ತಾ? ಆಲ್ಫಾ ಗೆಲ್ಲಲ್ಲ ಅಂತ. ಆಟೋ ಯೂನಿಯನ್‌ನಲ್ಲಿ ಸೀಟು ಕೇಳಿದ. ಆದರೆ ಅಲ್ಲಿಗೆ ವಾರ್ಜಿ ಆಗಲೇ ಸೇರಿ ಆಗಿತ್ತು. ಬೈಕ್ ದಿನಗಳಿಂದಲೂ ಎದುರಾಳಿಯಾಗಿದ್ದ ವಾರ್ಜಿಗೆ ಇವನ ಜೊತೆ ಒಂದೇ ತಂಡದಲ್ಲಿ ಇರೋದು ಬೇಡವಾಗಿತ್ತು, ಮಾತುಕತೆ ಮುರಿಯಿತು. ಮುಸೊಲಿನಿಯೇ ನಡುವೆ ಬಂದು ಫೆರಾರಿ ಮತ್ತು ನುವೊಲಾರಿಯನ್ನು ರಾಜಿ ಮಾಡಿಸಿದ ಅನ್ನೋ ಮಾತಿದೆ. ಹೇಗಾದರೂ ಇರಲಿ, ಹಳೇ ಮುನಿಸಿನ ಮನೆಗೇ, ಹಳೇ ಕಾರಿಗೇ ವಾಪಸ್ ಬಂದ.

ಈಗ ಬೋರ್ಡ್ ಒರೆಸಿ, ಜುಲೈ 27ರ ಸಂಜೆಗೆ ಬನ್ನಿ. ಜಾಗ ಪಶ್ಚಿಮ ಜರ್ಮನಿಯ ಐಫೆಲ್ ಬೆಟ್ಟಗಳ ನಡುವಿನ ನ್ಯೂರ್‌ಬರ್ಗ್‌ರಿಂಗ್. ಒಂದು ಸುತ್ತು 22.8 ಕಿ.ಮೀ., ಅಂಥ 22 ಸುತ್ತು, ಒಟ್ಟು 500 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಕಾಡಿನೊಳಗೆ ಏರು, ಇಳಿ, ನೂರೈವತ್ತಕ್ಕೂ ಹೆಚ್ಚು ತಿರುವು. ಶಿರಾಡಿ ಘಾಟಿಯನ್ನೇ ಸುತ್ತಿ ಸುತ್ತಿ ತಂದು ತುದಿ ಬುಡ ಸೇರಿಸಿದ ಹಾಗೆ ಅಂದುಕೊಳ್ಳಿ. ನೆಟ್ಟಗಿನ ಉದ್ದ ರಸ್ತೆ ಅಂತ ಇರೋದು ಸುತ್ತಿನ ಕೊನೆಯಲ್ಲಿ ಮಾತ್ರ. ಯಾರು ಎಲ್ಲಿ ನಿಲ್ಲಬೇಕು ಅನ್ನೋದು ಚೀಟಿ ಎತ್ತಿ ತೀರ್ಮಾನ, ಹಾಗಾಗಿ ಮುಂದೆ ನಿಂತವರೇ ವೇಗದವರು ಅಂತ ಹೇಳೋಕಾಗಲ್ಲ.

ಮರ್ಸಿಡಿಸ್: ಐದು ಕಾರು. ಸೂಪರ್‌ಚಾರ್ಜರ್ ಇದ್ದ ಎಂಟು ಸಿಲಿಂಡರ್, ಸುಮಾರು ನಾಲ್ಕು ಲೀಟರ್ ಇಂಜಿನ್, ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್. ಆ ವರ್ಷ ಅವರ ದಾಖಲೆ ನೋಡಿ: ಮೊನಾಕೊ, ತ್ರಿಪೋಲಿ, ಆವುಸ್, ಐಫೆಲ್, ಫ್ರಾನ್ಸ್, ಬಾರ್ಸಿಲೋನಾ, ಬೆಲ್ಜಿಯಂ, ಎಲ್ಲಾ ಅವರದ್ದೇ. ರುಡಾಲ್ಫ್ ಕರಾಚಿಯೋಲಾ ಆಗಲೇ ಜರ್ಮನ್ ಗ್ರಾಂಡ್ ಪ್ರಿಯನ್ನು ನಾಲ್ಕು ಸಲ ಗೆದ್ದವನು, ಮಳೆ ಬಂದರಂತೂ ಅವನನ್ನು ಹಿಡಿಯೋರಿಲ್ಲ. ಲುಯಿಜಿ ಫಜೋಲಿ ವೇಗದವನು, ಆದರೆ ಕರಾಚಿಯೋಲಾಗೆ ದಾರಿ ಬಿಡು ಅಂತ ತಂಡದವರು ಹೇಳಿದಾಗಲೆಲ್ಲ ಉರಿದುಬೀಳುವವನು. ಮಾನ್‌ಫ್ರೆಡ್ ಫಾನ್ ಬ್ರೌಕಿಚ್ ಜೋರಾಗಿ ಓಡಿಸುವವನು, ಟೈರುಗಳ ಮೇಲೆ ದಯೆ ಇಲ್ಲದವನು. ಈ ಕೊನೇ ಮಾತನ್ನು ನಾವು ಬೋರ್ಡಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದು ಮರೆತುಬಿಟ್ಟಿದ್ದೆವು. ಹೆರ್ಮನ್ ಲಾಂಗ್ ಮತ್ತು ಗೈಯರ್ ಇನ್ನೂ ಹೊಸಬರು. ತಂಡದ ಮ್ಯಾನೇಜರ್ ಆಲ್ಫ್ರೆಡ್ ನಾಯ್‌ಬಾವರ್, ಪಿಟ್ ಕೆಲಸವನ್ನು ಸೈನ್ಯದ ಕವಾಯತಿನ ಹಾಗೆ ಮಾಡಿಸುವವನು. ನಮ್ಮ ಅಂಕ: ಹತ್ತಕ್ಕೆ ಒಂಬತ್ತು.

ಆಟೋ ಯೂನಿಯನ್: ನಾಲ್ಕು ಕಾರು. ಫರ್ಡಿನಾಂಡ್ ಪೋರ್ಷೆಯ ವಿನ್ಯಾಸ. ಹದಿನಾರು ಸಿಲಿಂಡರಿನ ಸುಮಾರು ಐದು ಲೀಟರ್ ಇಂಜಿನ್, ಅದೂ ಡ್ರೈವರನ ಬೆನ್ನ ಹಿಂದೆ. ಇಂಧನದ ಟ್ಯಾಂಕು ಡ್ರೈವರ್ ಮತ್ತು ಇಂಜಿನ್ ನಡುವೆ, ಹಾಗಾಗಿ ಇಂಧನ ಖಾಲಿಯಾದಂತೆ ತೂಕದ ಹಂಚಿಕೆ ಏರುಪೇರು ಆಗೋದಿಲ್ಲ. ಕಾಗದದ ಮೇಲೆ ಅದ್ಭುತ. ರಸ್ತೆಯ ಮೇಲೆ ಹಿಂಬದಿ ಯಾವಾಗ ಜಾರಿ ಮುಂದೆ ಬರುತ್ತೆ ಅಂತ ಹೇಳೋಕಾಗಲ್ಲ. ಹಾನ್ಸ್ ಸ್ಟುಕ್ ಹಿಂದಿನ ವರ್ಷ ಇದೇ ರೇಸ್ ಗೆದ್ದಿದ್ದ. ಬೆರ್ನ್ಡ್ ರೋಸ್‌ಮೇಯರ್ ಅನ್ನೋ ಹುಡುಗ ಬೈಕಿನಿಂದ ನೇರ ಈ ಕಾರಿಗೆ ಬಂದವನು, ಬೇರೆ ಕಾರು ಓಡಿಸಿ ಅಭ್ಯಾಸ ಇಲ್ಲದ್ದರಿಂದ ಇದು ಕಷ್ಟದ ಕಾರು ಅನ್ನೋದೇ ಅವನಿಗೆ ಗೊತ್ತಿಲ್ಲ. ಜೂನ್‌ನಲ್ಲಿ ಇದೇ ಟ್ರ್ಯಾಕಿನಲ್ಲಿ ಕರಾಚಿಯೋಲಾನ ಬೆನ್ನಿಗಂಟಿ ಎರಡನೆಯವನಾಗಿದ್ದ. ಜೊತೆಗೆ ವಾರ್ಜಿ, ಪೀಟ್ಷ್. ಅಂಕ: ಹತ್ತಕ್ಕೆ ಎಂಟು.

ಸ್ಕುದೇರಿಯಾ ಫೆರಾರಿ: ಆಲ್ಫಾ ಪಿ3 ಮೂರು ಕಾರು. ವಿತ್ತೋರಿಯೊ ಯಾನೊ 1932ಕ್ಕೆ ಮಾಡಿದ ಕಾರು ಅದು. ಒಂದೇ ಸೀಟಿನ ನಿಜವಾದ ಗ್ರಾಂಡ್ ಪ್ರಿ ಕಾರು ಅಂದರೆ ಅದೇ ಮೊದಲನೆಯದು. ಡಿಫರೆನ್ಷಿಯಲ್ ಅನ್ನು ಗೇರ್‌ಬಾಕ್ಸಿನ ಹಿಂದೆಯೇ ಇಟ್ಟು, ಅಲ್ಲಿಂದ ಹಿಂದಿನ ಎರಡು ಚಕ್ರಕ್ಕೆ ಎರಡು ಶಾಫ್ಟು ಬಿಟ್ಟಿದ್ದ ಸೊಗಸಾದ ವಿನ್ಯಾಸ. ಆದರೆ ಅದು ಮೂರು ವರ್ಷ ಹಳೇದು. 2.6 ಲೀಟರಿನ ಇಂಜಿನ್ನನ್ನು ಹಿಗ್ಗಿಸಿ 3.2 ಲೀಟರ್ ತನಕ ತಂದು, ಮುಂದಿನ ಚಕ್ರಕ್ಕೆ ಹೊಸ ಸಸ್ಪೆನ್ಷನ್ ಕಟ್ಟಿದ್ದರು. ಹಳೇ ಮನೆಗೆ ಹೊಸ ಮಹಡಿ ಕಟ್ಟಿದ ಹಾಗೆ. ಶಕ್ತಿ ಸುಮಾರು 265 ಹಾರ್ಸ್‌ಪವರ್, ಜರ್ಮನ್ ಕಾರುಗಳದ್ದು 375ರ ಆಸುಪಾಸು ಅಥವಾ ಅದಕ್ಕೂ ಮೇಲೆ. ಒಂದು ತಿಂಗಳ ಹಿಂದೆ ಫ್ರಾನ್ಸ್‌ನಲ್ಲಿ ನುವೊಲಾರಿ ಸ್ವಲ್ಪ ಹೊತ್ತು ಎಲ್ಲರಿಗಿಂತ ಮುಂದಿದ್ದದ್ದು ನಿಜ. ಆದರೆ ಟ್ರಾನ್ಸ್‌ಮಿಷನ್ ಕೈಕೊಟ್ಟಿತು. ಇನ್ನಿಬ್ಬರು ಲೂಯಿ ಶಿರೋನ್ ಮತ್ತು ಬ್ರಿವಿಯೊ. ಅಂಕ: ಹತ್ತಕ್ಕೆ ನಾಲ್ಕು. ನಾಲ್ಕರಲ್ಲಿ ಎರಡು ಡ್ರೈವರಿಗೆ. ಉಳಿದ ಮಾಸೆರಾಟಿ, ಇ.ಆರ್.ಎ., ಬುಗಾಟಿ ಓಡಿಸುವವರನ್ನು ನಾವು ಬೋರ್ಡಿಗೇ ಹಾಕಲಿಲ್ಲ, ಪಾಪ.

ಇಲ್ಲಿ ನಮ್ಮಲ್ಲೊಬ್ಬಳು ತಕರಾರು ತೆಗೆದಳು. ಅವಳ ಲೆಕ್ಕ ಹೀಗೆ. ಶಕ್ತಿ 265ರಿಂದ 375ಕ್ಕೆ ಹೋದರೆ 1.4 ಪಟ್ಟು. ಆದರೆ ಗಾಳಿಯ ತಡೆಯನ್ನು ಸೀಳೋಕೆ ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತೆ. ಆಕಾರ ಹೆಚ್ಚುಕಮ್ಮಿ ಒಂದೇ ಅಂತ ಇಟ್ಟುಕೊಂಡರೆ ಗರಿಷ್ಠ ವೇಗ ಹೆಚ್ಚುವುದು 1.4ರ ಘನಮೂಲದಷ್ಟು, ಅಂದರೆ ಬರೀ ಶೇ. 12. ಆ ಶೇ. 12 ಸಿಗೋದೂ ಉದ್ದದ ರಸ್ತೆಯಲ್ಲಿ ಮಾತ್ರ. ತಿರುವಿನಿಂದ ಹೊರಬರುವಾಗ ಎಷ್ಟು ಶಕ್ತಿ ಬಳಸಬಹುದು ಅನ್ನೋದನ್ನು ತೀರ್ಮಾನಿಸೋದು ಇಂಜಿನ್ ಅಲ್ಲ, ಹಿಂದಿನ ಎರಡು ಟೈರು. ರಸ್ತೆ ಒದ್ದೆ ಇದ್ದರೆ ಇನ್ನೂ ಕಡಿಮೆ. ಉಪಯೋಗಕ್ಕೆ ಬಾರದ ಶಕ್ತಿ ಎಲ್ಲಿಗೆ ಹೋಗುತ್ತೆ? ಟೈರನ್ನು ಸವೆಸೋಕೆ. ಅವಳು ಆಲ್ಫಾಗೆ ನಾಲ್ಕರ ಬದಲು ಆರು ಕೊಡಿ ಅಂದಳು. ನಾವು ಐದಕ್ಕೆ ಒಪ್ಪಿಕೊಂಡೆವು. ಪಂದ್ಯ ಮಾತ್ರ ಎಲ್ಲರೂ ಕರಾಚಿಯೋಲಾ ಮೇಲೇ ಕಟ್ಟಿದೆವು, ಅವಳೂ ಸೇರಿ.

ಮರುದಿನ ಬೆಳಗ್ಗೆ ಮಳೆ. ಮೂರು ಲಕ್ಷ ಜನ ಸೇರಿದ್ದರು ಅಂತ ಅಂದಾಜು. ಶುರುವಿಗೆ ರಸ್ತೆ ಒದ್ದೆ. ಮೊದಲ ಸುತ್ತು ಮುಗಿದಾಗ ಕರಾಚಿಯೋಲಾ ಮುಂದೆ, ನುವೊಲಾರಿ ಎರಡನೆಯವ. ಆಮೇಲೆ ಬೆಳ್ಳಿ ಕಾರುಗಳು ಒಂದೊಂದಾಗಿ ಅವನನ್ನು ದಾಟಿದವು. ಶಿರೋನ್ ಮತ್ತು ಬ್ರಿವಿಯೊ ಇಬ್ಬರ ಆಲ್ಫಾಗಳೂ ಬೇಗನೇ ಕೆಟ್ಟು ನಿಂತವು. ಅಲ್ಲಿಗೆ ಒಂಬತ್ತು ಜರ್ಮನ್ ಕಾರಿನ ಎದುರು ಒಂದೇ ಒಂದು ಕೆಂಪು ಕಾರು. ಅಲ್ಲಿಂದ ನಲವತ್ತೆರಡು ವರ್ಷದ ಆ ಮನುಷ್ಯ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಾ ಹತ್ತನೇ ಸುತ್ತಿಗೆ ಮೊದಲನೆಯವನಾದ. ಆ ತನಕ ನಮ್ಮ ಗೆಳತಿಯ ಲೆಕ್ಕವೇ ಸರಿ.

ಅರ್ಧ ದಾರಿ ಮುಗಿದಾಗ ಮುಂದಿದ್ದವರೆಲ್ಲ ಇಂಧನಕ್ಕೆ, ಟೈರಿಗೆ ಪಿಟ್ಟಿಗೆ ಬಂದರು. ಮರ್ಸಿಡಿಸ್‌ನವರು ಬ್ರೌಕಿಚ್‌ನನ್ನು 47 ಸೆಕೆಂಡಿನಲ್ಲಿ ಕಳಿಸಿಬಿಟ್ಟರು. ಆಲ್ಫಾ ಪಿಟ್ಟಿನಲ್ಲಿ ಇಂಧನ ತುಂಬುವ ಪಂಪಿನ ಹಿಡಿ ಮುರಿದುಹೋಯಿತು. ಮೆಕ್ಯಾನಿಕ್‌ಗಳು ಡಬ್ಬಿ ಹಿಡಿದು ಕೈಯಲ್ಲೇ ಸುರಿಯಬೇಕಾಯಿತು. ನುವೊಲಾರಿ ಕಾರಿನಿಂದ ಇಳಿದು ಕೂಗಾಡ್ತಿದ್ದ ಅಂತ ನೋಡಿದವರು ಬರೆದಿದ್ದಾರೆ. ಎರಡು ನಿಮಿಷ 14 ಸೆಕೆಂಡ್ ಹೋಯಿತು. ಹೊರಗೆ ಬಂದಾಗ ಆರನೆಯವ.

ವರ್ಕ್‌ಶಾಪಿನಲ್ಲಿ ಹತ್ತು ರೂಪಾಯಿಯ ಬೋಲ್ಟ್ ಒಂದು ಕೈಕೊಟ್ಟು ಇಡೀ ವರ್ಷದ ಪ್ರಾಜೆಕ್ಟ್ ನಿಂತದ್ದನ್ನು ನೋಡಿದವರಿಗೆ ಈ ಪಂಪಿನ ಹಿಡಿಯ ನೋವು ಅರ್ಥ ಆಗುತ್ತೆ. ನಾವಾಗಿದ್ದರೆ ಅಲ್ಲೇ ಕೂತುಬಿಡ್ತಿದ್ದೆವೋ ಏನೋ. ಅವನು ಒಂದೇ ಸುತ್ತಿನಲ್ಲಿ ನಾಲ್ಕು ಕಾರುಗಳನ್ನು ದಾಟಿ ಎರಡನೇ ಸ್ಥಾನಕ್ಕೆ ಬಂದ. ಮುಂದೆ ಬ್ರೌಕಿಚ್ ಒಬ್ಬನೇ, ಒಂದು ನಿಮಿಷಕ್ಕೂ ಹೆಚ್ಚು ದೂರದಲ್ಲಿ. ಅವನೂ ಸುಮ್ಮನಿರಲಿಲ್ಲ, 10 ನಿಮಿಷ 32 ಸೆಕೆಂಡಿನಲ್ಲಿ ಆ ದಿನದ ಅತಿ ವೇಗದ ಸುತ್ತು ಹಾಕಿದ. ಅಂತರ ಕರಗುತ್ತಾ ಬಂತು. ಕೊನೇ ಸುತ್ತುಗಳಲ್ಲಿ ಬ್ರೌಕಿಚ್‌ನ ಹಿಂದಿನ ಟೈರುಗಳಲ್ಲಿ ರಬ್ಬರ್ ಸವೆದು ಒಳಗಿನ ಬಿಳಿ ಕ್ಯಾನ್ವಾಸ್ ಕಾಣುತ್ತಿತ್ತು. ಪಿಟ್ಟಿಗೆ ಕರೆದು ಟೈರು ಬದಲಾಯಿಸಿದರೆ ನುವೊಲಾರಿ ದಾಟಿಬಿಡ್ತಾನೆ. ಬಿಟ್ಟರೆ ಟೈರು ಬಾಳುತ್ತೋ ಇಲ್ಲವೋ. ನಾಯ್‌ಬಾವರ್ ಬಿಟ್ಟ.

ಕೊನೇ ಸುತ್ತು ಶುರುವಾದಾಗ ಅಂತರ ಸುಮಾರು ಅರ್ಧ ನಿಮಿಷ. ಗುರಿಗೆ ಹತ್ತು ಕಿ.ಮೀ.ಗಿಂತ ಕಡಿಮೆ ಇರುವಾಗ, ಕಾರುಸೆಲ್ ಅನ್ನೋ ಬಾಣಲೆಯಂಥ ತಿರುವಿನ ಹತ್ತಿರ, ಬ್ರೌಕಿಚ್‌ನ ಹಿಂದಿನ ಎಡ ಟೈರು ಸಿಡಿಯಿತು. ಪಿಟ್ಟಿನ ಮುಂದೆ ಕಾದಿದ್ದವರು ಬೆಳ್ಳಿ ಕಾರನ್ನು ನಿರೀಕ್ಷಿಸುತ್ತಿದ್ದರೆ ಬಂದದ್ದು ಕೆಂಪು ಕಾರು. ಒಟ್ಟು ಸಮಯ 4 ಗಂಟೆ 8 ನಿಮಿಷ 40 ಸೆಕೆಂಡ್. ಒಂದೂವರೆ ನಿಮಿಷದ ಮೇಲೆ ಸ್ಟುಕ್, ಆಮೇಲೆ ಕರಾಚಿಯೋಲಾ, ರೋಸ್‌ಮೇಯರ್. ಬ್ರೌಕಿಚ್ ಬರಿ ರಿಮ್ ಮೇಲೆ ಕಾರು ಎಳೆದುಕೊಂಡು ಐದನೆಯವನಾಗಿ ಬಂದ. ಎರಡರಿಂದ ಒಂಬತ್ತರ ತನಕ ಎಲ್ಲಾ ಜರ್ಮನ್ ಕಾರುಗಳೇ. ಇಟಲಿಯವರು ಗೆಲ್ಲಬಹುದು ಅಂತ ಯಾರೂ ಎಣಿಸದೆ ಅವರ ರಾಷ್ಟ್ರಗೀತೆಯ ರೆಕಾರ್ಡೇ ಸಿದ್ಧ ಇರಲಿಲ್ಲ, ನುವೊಲಾರಿಯೇ ತನ್ನ ಬಳಿ ಇದ್ದದ್ದನ್ನು ಕೊಟ್ಟ ಅಂತಲೂ ಹೇಳ್ತಾರೆ. ಇದನ್ನೂ ಹೆಡ್‌ಲೈಟ್ ಕಥೆಯ ಪಕ್ಕದಲ್ಲೇ ಇಟ್ಟುಕೊಳ್ಳಿ.

ಇದು ಅದೃಷ್ಟವಾ? ನಮ್ಮ ರೂಮಿನಲ್ಲಿ ಈ ಪ್ರಶ್ನೆ ಮಧ್ಯರಾತ್ರಿ ದಾಟಿತು. ಟೈರು ಸಿಡಿಯದಿದ್ದರೆ ನುವೊಲಾರಿ ಎರಡನೆಯವನು, ಅದನ್ನು ಒಪ್ಪಲೇಬೇಕು. ಆದರೆ ಪಂಪಿನ ಹಿಡಿ ಮುರಿಯದಿದ್ದರೆ ಟೈರಿನ ಮಾತೇ ಬರ್ತಿರಲಿಲ್ಲ, ಅದನ್ನೂ ಒಪ್ಪಬೇಕು. ಮುಖ್ಯವಾಗಿ, ಆ ಟೈರು ತನ್ನಷ್ಟಕ್ಕೆ ಸಿಡಿದದ್ದಲ್ಲ. ಹಿಂದಿನಿಂದ ಒಬ್ಬ ಸುತ್ತು ಸುತ್ತಿಗೂ ಹತ್ತಿರ ಬರ್ತಾ ಇದ್ದ, ಅದಕ್ಕೆ ಬ್ರೌಕಿಚ್ ನಿಧಾನ ಮಾಡೋಕಾಗಲಿಲ್ಲ, ನಾಯ್‌ಬಾವರ್‌ಗೆ ಅವನನ್ನು ಕರೆಯೋಕಾಗಲಿಲ್ಲ. ಇಡೀ ರೇಸಿನ ಸರಾಸರಿ ವೇಗ ಗಂಟೆಗೆ 121 ಕಿ.ಮೀ. ಮಾತ್ರ. ಅಷ್ಟು ನಿಧಾನದ ಟ್ರ್ಯಾಕಿನಲ್ಲಿ ಮಿಕ್ಕಿದ ನೂರು ಹಾರ್ಸ್‌ಪವರ್ ರಬ್ಬರನ್ನು ತಿಂದಿತ್ತು. ನಮ್ಮ ಬೋರ್ಡಿನಲ್ಲಿ ಎಲ್ಲಾ ಅಂಕಿಗಳೂ ಇದ್ದವು. ಆ ಮೂಲೆಯ ಸಣ್ಣಕ್ಷರವೂ ಇತ್ತು. ಕೂಡಿಸುವಾಗ ತಂಡ ತಂಡವನ್ನು ಬೇರೆ ಬೇರೆ ಕೂಡಿಸಿದೆವು, ಒಬ್ಬ ಡ್ರೈವರ್ ಇನ್ನೊಬ್ಬನ ಟೈರನ್ನು ಸವೆಸಬಲ್ಲ ಅನ್ನೋದಕ್ಕೆ ಬೋರ್ಡಿನಲ್ಲಿ ಕಾಲಂ ಇರಲಿಲ್ಲ.

ಆದರೆ ಒಂದು ಮಾತು. ಆ ಗೆಲುವಿನಿಂದ ಆಲ್ಫಾ ಒಳ್ಳೇ ಕಾರು ಆಗಲಿಲ್ಲ. ಮುಂದಿನ ವರ್ಷಗಳಲ್ಲಿ ಜರ್ಮನ್ ಕಾರುಗಳ ಶಕ್ತಿ 500 ಹಾರ್ಸ್‌ಪವರ್ ದಾಟಿತು, ಯಾವ ಕೈಚಳಕವೂ ಆ ಅಂತರ ತುಂಬಲಾರದು ಅನ್ನೋ ಹಾಗಾಯಿತು. 1936ರಲ್ಲಿ ತ್ರಿಪೋಲಿಯಲ್ಲಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು, ಆದರೂ ಅದೇ ವರ್ಷ ಬಾರ್ಸಿಲೋನಾ, ಬುಡಾಪೆಸ್ಟ್, ನ್ಯೂಯಾರ್ಕ್‌ನ ವ್ಯಾಂಡರ್‌ಬಿಲ್ಟ್ ಕಪ್ ಗೆದ್ದ. 1938ರಲ್ಲಿ ಫ್ರಾನ್ಸಿನ ಪೋ ಪಟ್ಟಣದಲ್ಲಿ ಪ್ರಾಕ್ಟೀಸ್ ವೇಳೆ ಓಡುತ್ತಿದ್ದ ಆಲ್ಫಾಗೆ ಬೆಂಕಿ ಹತ್ತಿತು, ಹಾರಿ ಬಚಾವಾದ. ಇನ್ನು ಈ ಕಾರು ಮುಟ್ಟಲ್ಲ ಅಂತ ಬಿಟ್ಟ. ಆ ವರ್ಷ ಜನವರಿಯಲ್ಲಿ ರೋಸ್‌ಮೇಯರ್ ವೇಗದ ದಾಖಲೆ ಮಾಡಲು ಹೋಗಿ ಸತ್ತಿದ್ದ. ಆಟೋ ಯೂನಿಯನ್‌ನವರೇ ನುವೊಲಾರಿಯನ್ನು ಕರೆದರು. ಮೂರು ವರ್ಷದ ಹಿಂದೆ ಕೇಳಿದ ಸೀಟು ಆಗ ಸಿಕ್ಕಿತು. ಮೊನ್ಜಾ ಗೆದ್ದ, ಇಂಗ್ಲೆಂಡಿನ ಡಾನಿಂಗ್‌ಟನ್ ಗೆದ್ದ. 1939ರ ಸೆಪ್ಟೆಂಬರ್ 3ರಂದು, ಬ್ರಿಟನ್ ಮತ್ತು ಫ್ರಾನ್ಸ್ ಯುದ್ಧ ಸಾರಿದ ದಿನವೇ, ಬೆಲ್‌ಗ್ರೇಡ್‌ನಲ್ಲಿ ಯುದ್ಧಕ್ಕೆ ಮುಂಚಿನ ಕೊನೇ ಗ್ರಾಂಡ್ ಪ್ರಿ ಗೆದ್ದವನೂ ಅವನೇ.

ಮನೆಯ ಲೆಕ್ಕ ಬೇರೆಯೇ ಇತ್ತು. ಇಬ್ಬರು ಗಂಡುಮಕ್ಕಳು. ದೊಡ್ಡವ ಜೋರ್ಜೊ 1937ರಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡ. ಅಪ್ಪ ಆಗ ರೇಸಿಗೆಂದು ಅಮೆರಿಕಕ್ಕೆ ಹೋಗುವ ಹಡಗಿನಲ್ಲಿದ್ದ, ಸುದ್ದಿ ಬಂದದ್ದು ನಡುಗಡಲಿನಲ್ಲಿ. ಚಿಕ್ಕವ ಅಲ್ಬೆರ್ತೊ 1946ರಲ್ಲಿ ಮೂತ್ರಪಿಂಡದ ಕಾಯಿಲೆಯಿಂದ. ಇಬ್ಬರಿಗೂ ಇಪ್ಪತ್ತು ತುಂಬಿರಲಿಲ್ಲ. ಮೂಳೆ ಮುರಿದುಕೊಂಡು ಮುರಿದುಕೊಂಡು ಎದ್ದುಬಂದವನ ಮನೆಯಲ್ಲಿ ಹಾಸಿಗೆಯ ಮೇಲೆ ಸತ್ತವರು ಹುಡುಗರು.

ಯುದ್ಧ ಮುಗಿದಾಗ ಅವನಿಗೆ ಐವತ್ತು ದಾಟಿತ್ತು. ವರ್ಷಗಟ್ಟಲೆ ಕುಡಿದ ಇಂಜಿನ್ ಹೊಗೆ ಶ್ವಾಸಕೋಶವನ್ನು ಕೆಡಿಸಿತ್ತು, ಓಡಿಸುವಾಗ ಕೆಮ್ಮಿನಲ್ಲಿ ರಕ್ತ ಬರ್ತಿತ್ತು. ಆದರೂ ಬಿಡಲಿಲ್ಲ. 1946ರಲ್ಲಿ ಟುರಿನ್‌ನ ಒಂದು ರೇಸಿನಲ್ಲಿ ಸ್ಟೀರಿಂಗ್ ಚಕ್ರವೇ ಕಳಚಿ ಕೈಗೆ ಬಂತು, ಅದನ್ನು ಒಂದು ಕೈಲಿ ಹಿಡಿದುಕೊಂಡೇ ಪಿಟ್ಟಿಗೆ ಬಂದ. 1947ರ ಮಿಲ್ಲೆ ಮಿಲ್ಯಾದಲ್ಲಿ 1100 ಸಿಸಿಯ ಪುಟ್ಟ ಚೀಸಿತಾಲಿಯಾ, ಮೇಲ್ಛಾವಣಿ ಇಲ್ಲದ್ದು. ಮೂರು ಪಟ್ಟು ದೊಡ್ಡ ಇಂಜಿನ್ನುಗಳ ಮುಂದೆ ಬಹುದೂರ ಓಡಿ, ಮಳೆ ನೀರು ಇಗ್ನಿಷನ್ನಿಗೆ ಹೋಗಿ ಎರಡನೆಯವನಾದ. 1948ರಲ್ಲಿ ಫೆರಾರಿಯ ಹೊಸ ಕಾರು. ಮಡ್‌ಗಾರ್ಡ್ ಹೋಯಿತು, ಬಾನೆಟ್ ಹಾರಿತು, ಸೀಟು ಸಡಿಲವಾಯಿತು. ಎಲ್ಲರಿಗಿಂತ ಮುಂದಿದ್ದಾಗಲೇ ಸ್ಪ್ರಿಂಗ್ ಮುರಿದು ರೆಜ್ಜೊ ಎಮಿಲಿಯಾ ಹತ್ತಿರ ನಿಂತಿತು. ಇಲ್ಲೂ ಆಲ್ಫಾದ ಪಂಪಿನ ಹಿಡಿಯೇ ನೆನಪಿಗೆ ಬರುತ್ತೆ ನಮಗೆ. 1950ರ ಏಪ್ರಿಲ್‌ನಲ್ಲಿ ಪಾಲೆರ್ಮೊ ಹತ್ತಿರದ ಬೆಟ್ಟದ ರೇಸಿನಲ್ಲಿ ತನ್ನ ವರ್ಗದಲ್ಲಿ ಗೆದ್ದದ್ದೇ ಕೊನೆ.

ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದು, 1953ರ ಆಗಸ್ಟ್ 11ರಂದು ಮಾಂತುವಾದ ಮನೆಯಲ್ಲಿ ತೀರಿಕೊಂಡ. ಅರವತ್ತು ವರ್ಷ. ಶವಪೆಟ್ಟಿಗೆಯನ್ನು ಒಂದು ಕಾರಿನ ಚಾಸಿಯ ಮೇಲಿಟ್ಟು ಒಯ್ದರು. ಪಕ್ಕದಲ್ಲಿ ಅಸ್ಕಾರಿ, ವಿಲ್ಲೊರೇಸಿ, ಫಾಂಜಿಯೊ ನಡೆದು ಬಂದರು. ಮಾಂತುವಾದ ಬೀದಿಗಳಲ್ಲಿ ಹತ್ತಾರು ಸಾವಿರ ಜನ ನಿಂತಿದ್ದರು. ಅವನು ಕೇಳಿಕೊಂಡಿದ್ದ ಹಾಗೆ ರೇಸಿನ ಬಟ್ಟೆಯಲ್ಲೇ ಮಣ್ಣು ಮಾಡಿದರು.